ಮೂರು ಪ್ರೋಗ್ರಾಮು, ಒಂದು ಹಾಳೆ

ಹತ್ತರಗಿಯ ನನ್ನ ಬಾಲ್ಯದಲ್ಲಿ ಬಾಜೂ ಮನೆಯ ತಾರಾಬಾಯಿಯವರ ಒಲೆಯಿಂದ ಜೋಳದ ರೊಟ್ಟಿಯ ವಾಸನೆ ಬಂತೆಂದರೆ ಇನ್ನೇನು ಹೊತ್ತು ಮುಳುಗುತ್ತದೆ ಎಂದು ನಮಗೆ ತಿಳಿಯುತ್ತಿತ್ತು. ಜೈನರಾದ ಅವರು ಕತ್ತಲಾದ ಮೇಲೆ ಉಣ್ಣುತ್ತಿರಲಿಲ್ಲ. ನಮ್ಮ ವಿದ್ಯಾಸಂಸ್ಥೆಯ ಗಣಕ ವಿಭಾಗವನ್ನು ಕಟ್ಟಿ ಬೆಳೆಸಿ, ಈ ವರ್ಷ, 2008ರಲ್ಲಿ, ನಿವೃತ್ತರಾಗುತ್ತಿರುವ ಶ್ರೀ ಶಿದ್ಲಿಂಗಪ್ಪ ಹೊಸೂರ ಅವರ ಬಗ್ಗೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಆ ವಾಸನೆ.

1974ರಲ್ಲಿ ಮೂಡಲಗಿಯಲ್ಲಿ ಬೆರಳಚ್ಚುಗಾರರಾಗಿ ಸೇರಿದ ಅವರು, ನಲವತ್ತಾರರ ವಯಸ್ಸಿನಲ್ಲಿ ಪ್ರತಿ ರವಿವಾರ ಬೆಳಗಾವಿಗೆ ಹೋಗಿ ಕಂಪ್ಯೂಟರ್ ಕಲಿತರು. ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ಮೂರೂ ಕಾಲೇಜುಗಳಿಗೆ ಅವರು ಬರೆದುಕೊಟ್ಟವು ಚಿಕ್ಕ ಚಿಕ್ಕ ಪ್ರೋಗ್ರಾಮುಗಳು: ಕಚೇರಿಗೆ ಒಂದು, ಗ್ರಂಥಾಲಯಕ್ಕೆ ಒಂದು, ವಸತಿನಿಲಯದ ಅಡುಗೆಮನೆಗೆ ಒಂದು. ಒಂದಕ್ಕೆ ಇನ್ನೊಂದರ ಪರಿಚಯವೇ ಇರಲಿಲ್ಲ. ಆದರೆ ಪ್ರತಿ ವಿದ್ಯಾರ್ಥಿಯ ವಿವರಗಳ ಹಾಳೆ ಆಯಾ ಕಾಲೇಜಿನ ಕಂಪ್ಯೂಟರಿನಲ್ಲಿ ಒಂದೇ ಕಡೆ ಇರುತ್ತಿತ್ತು; ಮೂರೂ ಅದನ್ನೇ ತೆರೆದು ಓದುತ್ತಿದ್ದವು, ತಿದ್ದುತ್ತಿದ್ದವು. ಎಲ್ಲಕ್ಕೂ ಸೇರಿ ದೊಡ್ಡದೊಂದನ್ನೇ ಏಕೆ ಮಾಡಬಾರದು ಎಂದು ಆಡಳಿತ ಮಂಡಳಿಯವರು ಕೇಳಿದಾಗ, ಗ್ರಂಥಾಲಯದಲ್ಲಿ ಏನೋ ಕೆಟ್ಟಿತೆಂದು ಹುಡುಗರು ಉಪವಾಸ ಬೀಳಬಾರದಲ್ಲ ಎಂದು ನಕ್ಕಿದ್ದರು.

ಫ್ಲಾಪಿಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮೂರೂರು ತಿರುಗುತ್ತಿದ್ದವರು ಅವರು. ಒಮ್ಮೆ ಮೂಡಲಗಿಯಲ್ಲಿ ಉಣ್ಣಲೆಂದು ಡಬ್ಬಿ ಬಿಚ್ಚಿದರೆ ಫ್ಲಾಪಿಗಳಷ್ಟೇ ಇದ್ದವು. ರೊಟ್ಟಿಯ ಡಬ್ಬಿ ಮನೆಯಲ್ಲೇ ಉಳಿದಿತ್ತು. ಗೋಕಾಕದಲ್ಲಿ ಗ್ರಂಥಪಾಲಕಿಯಾಗಿದ್ದ ನನಗೆ ಅಕ್ಷರ ಹುಡುಕುವುದು ಕಷ್ಟವೆಂದು ತಿಳಿದು, ಕೀಲಿಗಳ ಮೇಲೆ ಕನ್ನಡದ ಚೀಟಿ ಅಂಟಿಸಿಕೊಟ್ಟವರೂ ಅವರೇ.

ಗ್ರಂಥಾಲಯದ ತಪ್ಪಿಗೆ ಉಪವಾಸ ಬೀಳುವ ಆ ನಗೆಮಾತು 2001ರ ಆಗಸ್ಟಿನಲ್ಲಿ ನಿಜವಾಯಿತು, ಅದೂ ನನ್ನ ಕೈಯಿಂದ. ಯಮಕನಮರಡಿಯ ತೃಪ್ತಿ ಎಂಬ ಜೈನ ಹುಡುಗಿಯ ಮನೆಯ ಫೋನ್ ನಂಬರು ಬದಲಾಗಿತ್ತು, ನಾನು ತಿದ್ದಿದೆ. ಗ್ರಂಥಾಲಯದ ಪ್ರೋಗ್ರಾಮು ಹಾಳೆಯನ್ನು ತಿರುಗಿ ಬರೆಯುವಾಗ ತನಗೆ ಗೊತ್ತಿದ್ದಷ್ಟನ್ನೇ ಬರೆದು, ಅಡುಗೆಮನೆಯವರು ಸೇರಿಸಿದ್ದ ‘ಹೊತ್ತು ಮುಳುಗುವ ಮುಂಚೆ ಊಟ’ ಎಂಬ ಸಾಲನ್ನು ಬಿಟ್ಟುಬಿಟ್ಟಿತು. ಅಡುಗೆಗೆ ಹೊಸದಾಗಿ ಬಂದಿದ್ದ ಕೆಂಪವ್ವ, ಆ ಸಾಲು ನೋಡಿ ಪ್ರೋಗ್ರಾಮು ಕೊಡುತ್ತಿದ್ದ ಪಟ್ಟಿಯಲ್ಲಿದ್ದವರಿಗಷ್ಟೇ ಬೇಗ ಬಡಿಸಿದರು. ನಾಚಿಕೆಯ ಹುಡುಗಿ ಕೇಳಲಿಲ್ಲ. ಮೂರು ಸಂಜೆ ಉಣ್ಣದೆ ಮಲಗಿದಳು. ನಾಲ್ಕನೆಯ ದಿನ ಅವಳ ತಂದೆ ತಾತ್ಯಾಸಾಹೇಬರು ಬಂದು ಟ್ರಂಕನ್ನು ಹೊರಗಿಡಿಸಿದರು. ಓದು ಇಲ್ಲಿಗೆ ಸಾಕೆಂಬುದು ಅವರ ತೀರ್ಮಾನ.

ಬೆಳಿಗ್ಗೆಯೇ ಹುಕ್ಕೇರಿಯಿಂದ ಧಾವಿಸಿ ಬಂದಿದ್ದ ಶಿದ್ಲಿಂಗಪ್ಪನವರಿಗೆ ಮಧ್ಯಾಹ್ನ ತಪ್ಪು ಸಿಕ್ಕಿತು. ನಾನು ಕ್ಷಮೆ ಕೇಳುವಷ್ಟರಲ್ಲಿ ಅವರೇ ಮಾತೆತ್ತಿದರು.

“ಅಕ್ಕಾರ ತಪ್ಪಲ್ರಿ ಇದು, ತಾತ್ಯಾಸಾಹೇಬ್ರ. ತನಗ ತಿಳೀದ ಸಾಲು ಅಳಿಸಬಾರ್ದಂತ ನಾನ ಪ್ರೋಗ್ರಾಮಿಗೆ ಕಲಿಸಿದ್ದಿಲ್ಲ. ಹೊತ್ತು ಮುಳುಗೂತನಾ ಟೈಮ್ ಕೊಡ್ರಿ.”

“ನಿಮ್ಮ ಮಷೀನಿಗೆ ಹಸಿವು ಗೊತ್ತೈತೇನ್ರಿ?”

“ಅದಕ್ಕ ಗೊತ್ತಿಲ್ರಿ, ನನಗ ಗೊತ್ತೈತಿ. ಒಮ್ಮೆ ಫ್ಲಾಪಿ ಉಣ್ಣಾಕ ಕುಂತಿದ್ದೆ.”

ಡಬ್ಬಿಯ ಕಥೆ ಕೇಳಿದ ತಾತ್ಯಾಸಾಹೇಬರು ನಗು ತಡೆದುಕೊಂಡು ಟ್ರಂಕಿನ ಮೇಲೆಯೇ ಕುಳಿತರು.

ಸಂಜೆ ಐದಕ್ಕೆ, ಪ್ರೋಗ್ರಾಮನ್ನು ಸರಿಪಡಿಸಿ, ಬಿಟ್ಟುಹೋದ ಸಾಲನ್ನು ಮರಳಿ ಸೇರಿಸಿ, ಅದು ಉಳಿಯುತ್ತದೆಯೇ ಎಂದು ನೋಡಲು ಅದೇ ಹಾಳೆಯಲ್ಲಿ ಮತ್ತೇನಾದರೂ ತಿದ್ದಲು ಅವರು ನನ್ನನ್ನೇ ಕರೆದರು. ಬೇರೆಯವರಿಗೆ ಹೇಳಬಹುದಿತ್ತು, ನನ್ನ ಭಯ ಹೋಗಲೆಂದೇ ನನ್ನನ್ನು ಕೂರಿಸಿದರೆಂದು ನನಗೆ ಅರ್ಥವಾದದ್ದು ಎಷ್ಟೋ ದಿನಗಳ ಮೇಲೆ. ನಾನು ಪಿನ್‌ಕೋಡ್ ತಿದ್ದಿದೆ. ಅಡುಗೆಮನೆಯ ಪಟ್ಟಿ ಪ್ರಿಂಟರಿನಿಂದ ಕಿರುಗುಟ್ಟುತ್ತ ಹೊರಬಂತು. ತೃಪ್ತಿಯ ಹೆಸರು ಅದರಲ್ಲಿತ್ತು.

ತನ್ನ ಸಾಲನ್ನಷ್ಟೇ ತಿದ್ದಬೇಕು, ಉಳಿದವರದನ್ನು ಇದ್ದಂತೆಯೇ ಕಾಯಬೇಕು ಎಂಬುದು ಅಂದಿನಿಂದ ಮೂರೂ ಊರಿನ ಪ್ರೋಗ್ರಾಮುಗಳ ನಿಯಮವಾಯಿತು. ತೃಪ್ತಿ ಈಗ ಹುಕ್ಕೇರಿಯ ನಮ್ಮ ಕಾಲೇಜಿನಲ್ಲಿಯೇ ಪಾಠ ಹೇಳುತ್ತಾಳೆ.

ಶಿದ್ಲಿಂಗಪ್ಪನವರು ನೂರು ವರ್ಷ ಆರೋಗ್ಯದಿಂದ ಬಾಳಲಿ, ಘಟಪ್ರಭಾದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕೆಂಬ ಅವರ ಆಸೆ ಕೈಗೂಡಲಿ ಎಂದು ಹಾರೈಸುವಾಗಲೂ ನನ್ನ ಕಣ್ಣ ಮುಂದಿರುವುದು ಆ ಸಂಜೆಯೇ. ತೃಪ್ತಿ ಉಂಡು ಕೈ ತೊಳೆದಿದ್ದಳು. ಟ್ರಂಕು ಮರಳಿ ಕೋಣೆ ಸೇರಿತ್ತು. ಬೆಳಗಿನಿಂದ ಏನೂ ತಿಂದಿರದ ಶಿದ್ಲಿಂಗಪ್ಪನವರು ಪ್ರಿಂಟರಿನ ಮುಂದೆಯೇ ಕುಳಿತಿದ್ದರು. ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೆಂಪವ್ವ ಒಳಗಿನಿಂದ ಬಂದು, ಬಿಸಿ ರೊಟ್ಟಿ, ಪಲ್ಯದ ತಾಟನ್ನು ಅವರ ಕೈಗೆ ಕೊಟ್ಟರು.