ಚೆಲ್ಲಿದ ಮೇವನ್ನು ತೂಗುವ ಬೋದಿಲ್

ಬೆಳಗಿನ ಐದು ಗಂಟೆ. ಕೊಟ್ಟಿಗೆಯ ದೀಪ ಹತ್ತಿದ್ದೇ ತಡ, ನೂರ ತೊಂಬತ್ತೆರಡು ಹಂದಿಗಳು ಒಟ್ಟಿಗೆ ಅರಚುತ್ತವೆ. ಬೋದಿಲ್ ಟೋಫ್ಟ್ ಅವುಗಳಿಗಿಂತ ಜೋರಾಗಿ ಗದರುತ್ತಾರೆ: "ಬಂದೆ, ಬಂದೆ! ಏನು ನಿಮ್ಮಪ್ಪನ ಮನೆ ಮದುವೇನಾ ಇದು?" ಮೊದಲ ದೊಡ್ಡಿಯಲ್ಲಿ ಮಂಡಿಯೂರಿ, ಮೇವಿನ ತೊಟ್ಟಿಯ ಮುಂದಿನ ನೆಲದ ಹಲಗೆಯೊಂದನ್ನು ಎತ್ತಿ, ಅದರಡಿಯಿಂದ ತಗಡಿನ ತಟ್ಟೆ ಹೊರಗೆಳೆಯುತ್ತಾರೆ. ಅವರ ಮನೆಯಲ್ಲಿ ಕೇಕು ಬೇಯಿಸುತ್ತಿದ್ದ ತಟ್ಟೆ ಅದು. ಈಗ ಅದರ ತುಂಬ ಹಂದಿಯ ಜೊಲ್ಲಿನಲ್ಲಿ ನೆನೆದ ಹಸಿರು ಪುಡಿ.

ಬೋದಿಲ್‌ಗೆ ಅರವತ್ತೊಂದು. ಡೆನ್ಮಾರ್ಕಿನ ಯೂಲಂಡ್‌ನ ಈ ಪಶು ಆಹಾರ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ಹಂದಿ ಸಾಕುತ್ತಿದ್ದಾರೆ. ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿದೆ. ಇಷ್ಟಾದರೂ ಕೆಲಸ ಕಾಯಂ ಅಲ್ಲ. ಮೂರು ವರ್ಷಕ್ಕೊಮ್ಮೆ ಹೊಸ ಯೋಜನೆಗೆ ಹಣ ಬಂದರೆ ಮಾತ್ರ ಅವರ ಕರಾರೂ ಮುಂದುವರಿಯುತ್ತದೆ. "ಯೋಜನೆ ಮುಗಿದ್ರೆ ಹಂದಿಗಳ ಜೊತೆ ನಾನೂ ಹೊರಗೆ. ಒಂದೇ ವ್ಯತ್ಯಾಸ, ನನ್ನನ್ನ ಯಾರೂ ತಿನ್ನಲ್ಲ" ಎಂದು ನಗುತ್ತಾರೆ. ಆ ನಗು ಕಣ್ಣಿನವರೆಗೆ ಬರುವುದಿಲ್ಲ.

ಈ ಬಾರಿಯದು ಹುಲ್ಲಿನ ಯೋಜನೆ. ಬ್ರೆಜಿಲಿನಿಂದ ಹಡಗಿನಲ್ಲಿ ಬರುವ ಸೋಯಾ ಬದಲು, ಇಲ್ಲಿಯ ಹುಲ್ಲನ್ನೇ ಹಿಂಡಿ ತೆಗೆದ ಪ್ರೋಟೀನನ್ನು ಹಂದಿಗೆ ಕೊಡುವುದು. ಇಪ್ಪತ್ತನಾಲ್ಕು ದೊಡ್ಡಿಗಳಲ್ಲಿ ಹನ್ನೆರಡಕ್ಕೆ ಹುಲ್ಲಿನ ಮೇವು, ಉಳಿದವಕ್ಕೆ ಸೋಯಾ. ಯಂತ್ರ ತೊಟ್ಟಿಗೆ ಮೇವು ಸುರಿಯುತ್ತದೆ, ಸುರಿದ ತೂಕವನ್ನು ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಸುರಿದದ್ದೆಲ್ಲ ತಿಂದದ್ದು ಎಂದು ಅದರ ನಂಬಿಕೆ.

ಹಂದಿಗಳು ಹಾಗೆ ನಂಬಲಿಲ್ಲ. ಹುಲ್ಲಿನ ಪುಡಿ ಕಹಿ. ಮೂತಿಯಿಂದ ಅದನ್ನು ಹೊರಗೆ ತಳ್ಳಿ, ಅದರೊಡನೆ ಬೆರೆಸಿದ ಬಾರ್ಲಿಯನ್ನಷ್ಟೇ ಹೆಕ್ಕಿ ತಿನ್ನತೊಡಗಿದವು. ತಳ್ಳಿದ್ದು ನೆಲದ ಸಂದುಗಳಲ್ಲಿ ಇಳಿದು ಸಗಣಿಯ ಗುಂಡಿ ಸೇರುತ್ತಿತ್ತು. ಎರಡು ವರ್ಷದಲ್ಲಿ ಹುಲ್ಲಿನ ದೊಡ್ಡಿಗೆ ತಂದ ಯಾವ ತಂಡದ ಹಂದಿಯೂ ಬೆಳೆಯದಿದ್ದಾಗ ಬೋದಿಲ್ ಒಂದು ಹಲಗೆ ಎತ್ತಿ ನೋಡಿದರು, ಮರುದಿನವೇ ಮನೆಯಿಂದ ಆ ಹನ್ನೆರಡು ದೊಡ್ಡಿಗೂ ಒಂದೊಂದು ತಟ್ಟೆ ತಂದಿಟ್ಟರು.

ಒದ್ದೆ ಮೇವನ್ನು ಒಣಗಿಸದೆ ತೂಗುವಂತಿಲ್ಲ. ಕೇಂದ್ರದಲ್ಲಿ ಕೈಗೆ ಸಿಗುವ ಒಲೆ ಒಂದೇ, ಕಾಫಿ ಕೋಣೆಯದು. ಸರದಿಯ ಮೇಲೆ ಒಬ್ಬೊಬ್ಬರು ಬ್ರೆಡ್ ತಂದು ಬಿಸಿ ಮಾಡಿ ಹಂಚುವ ಶುಕ್ರವಾರ, ಆ ಒಲೆಯಲ್ಲಿ ಬೋದಿಲ್‌ರ ತಟ್ಟೆಗಳಿದ್ದವು. "ಬ್ರೆಡ್‌ಗೆ ಹಂದಿ ಬಾಯಿ ವಾಸನೆ!" ಎಂದು ಇಡೀ ಕಚೇರಿ ಕೂಗಾಡಿತು. ತಟ್ಟೆಯಲ್ಲಿ ಏನಿದೆ ಎಂದು ಒಬ್ಬರೂ ಕೇಳಲಿಲ್ಲ.

ಒಂದೊಂದರಲ್ಲೂ ಇದ್ದದ್ದು ಒಂದು ದೊಡ್ಡಿಯ ಎಂಟು ಹಂದಿಗಳು ಒಂದು ದಿನ ಚೆಲ್ಲಿದ ನಾಲ್ಕು ಕಿಲೋ. ಸುರಿದದ್ದು ಹದಿನಾರು. ನಮೂನೆಯಲ್ಲಿ ಜಾಗವಿಲ್ಲದ್ದರಿಂದ ಬೋದಿಲ್ ಅದನ್ನು ಹಾಳೆಯ ಹಿಂಬದಿಯಲ್ಲಿ ಬರೆದು, ಯೋಜನೆಯ ಮುಖ್ಯಸ್ಥ ಆಸ್ಗರ್ ಅವರ ಮೇಜಿನ ಮೇಲಿಟ್ಟರು. ಮುಂದಿನ ಮೂರು ವರ್ಷದ ಹಣಕ್ಕೆ ಅರ್ಜಿ ಹಾಕಲು ಅಂದು ಮಧ್ಯಾಹ್ನವೇ ಗಡುವು.

"ಬೋದಿಲ್, ಇದಕ್ಕೆ ಕಾಲಂ ಇಲ್ವಲ್ಲ."

"ಹಂದಿಗೆ ಹೇಳು ಕಾಲಂ ಇಲ್ಲ ಅಂತ. ಚೆಲ್ಲೋದು ನಿಲ್ಲಿಸ್ತವೆ."

"ತಮಾಷೆ ಬೇಡ. ಎರಡು ವರ್ಷದ ಅಂಕಿ ತಪ್ಪು ಅಂತ ಈಗ ಬರೆದ್ರೆ ಯಾರು ಹಣ ಕೊಡ್ತಾರೆ? ಮೊದಲು ಹಣ ಬರಲಿ. ಆಮೇಲೆ ಸರಿ ಮಾಡೋಣ."

"ನೀರಲ್ಲಿ ಕಲಸಿ ಕೊಡೋಣ ಅಂತ ಬರಿ. ತಿಂತಾವೆ. ಅಷ್ಟೇ ಬರಿ."

ಆಸ್ಗರ್ ಬರೆಯಲಿಲ್ಲ. ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ. ಹಣ ಕೊಡುವ ಸಮಿತಿಯವರು ಒಮ್ಮೆ ಬಂದಿದ್ದರು. ರೋಗ ಹರಡೀತೆಂದು, ಸ್ನಾನ ಮಾಡಿ ಬಟ್ಟೆ ಬದಲಿಸದೆ ಕೊಟ್ಟಿಗೆಯೊಳಗೆ ಯಾರನ್ನೂ ಬಿಡುವುದಿಲ್ಲ. ಅಷ್ಟು ಪುರುಸೊತ್ತಿಲ್ಲದವರು ಗಾಜಿನಾಚೆಯಿಂದ ಇಪ್ಪತ್ತು ನಿಮಿಷ ನೋಡಿ, ಹೊಸತನದ ಬಗ್ಗೆ ಮಾತಾಡಿ ಹೋದರು. ಅಲ್ಲಿಂದ ತೊಟ್ಟಿಯ ಬುಡ ಕಾಣುವುದಿಲ್ಲ. ಅರ್ಜಿ ಹಾಕಿ ಆರು ವಾರಕ್ಕೆ ಅವರ ತೀರ್ಮಾನ ಬಂತು: ಹಂದಿಗಳು ಸಾಕಷ್ಟು ತಿಂದೂ ಬೆಳೆದಿಲ್ಲ, ಹುಲ್ಲಿನ ಪ್ರೋಟೀನು ಹಂದಿಗೆ ಒಗ್ಗದು. ಹಣ ಉಳಿಸಿಕೊಳ್ಳಲು ಮುಚ್ಚಿಟ್ಟ ತಪ್ಪೇ ಹಣವನ್ನು ಕಳೆಯಿತು.

ಆಸ್ಗರ್‌ಗೆ ಈಗಾಗಲೇ ಬೇರೆ ಯೋಜನೆ ಸಿಕ್ಕಿದೆ. ಗುರುವಾರ ಲಾರಿ ಬರುತ್ತದೆ, ಕೊಟ್ಟಿಗೆ ಖಾಲಿಯಾಗುತ್ತದೆ, ಬೋದಿಲ್ ಅವರ ಕರಾರು ಮುಗಿಯುತ್ತದೆ. ಇಂದು ಮಂಗಳವಾರ. ಹನ್ನೆರಡೂ ತಟ್ಟೆಗಳನ್ನು ತೆಗೆದು, ಒಣಗಿಸಿ, ತೂಗಿ ಬರೆಯುವಷ್ಟರಲ್ಲಿ ರಾತ್ರಿ ಗಂಟೆ ಹತ್ತು. ಮನೆಗೆ ಹೊರಟು ನಿಂತ ಆಸ್ಗರ್ ಕಾಫಿ ಕೋಣೆಯ ಬಾಗಿಲಿಂದಲೇ ಹೇಳುತ್ತಾರೆ: "ಸಾಕು ಬಿಡು ಬೋದಿಲ್. ಇನ್ನು ಅದು ಯಾರಿಗೂ ಬೇಡ."

ಬೋದಿಲ್ ಹನ್ನೆರಡೂ ತೂಕಗಳನ್ನು ಕೂಡಿಸುತ್ತಾರೆ. ಅಂತಿಮ ವರದಿ ವಸಂತದಲ್ಲಿ ಅಚ್ಚಾಗಲಿದೆ. ಅದರ ಮೇಲೆ ಹನ್ನೊಂದು ಹೆಸರುಗಳು, ಅವರದಿಲ್ಲ. ಅದರ ಬಗ್ಗೆ ಕೇಳಿದರೆ ಕೈ ಒರೆಸಿಕೊಳ್ಳುತ್ತಾರೆ.

"ಹೆಸರು ಕಟ್ಕೊಂಡು ಏನ್ ಮಾಡ್ಲಿ? ತಿಂದೂ ಬೆಳೀಲಿಲ್ಲ ಅಂತ ಆ ವರದೀಲೂ ಬರೆದಿದ್ದಾರಲ್ಲ, ಆ ಒಂದು ಸಾಲು ತೆಗೀಲಿ. ಅವು ತಿನ್ನಲೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೊಟ್ಟಿಗೇಲಿ ತಿಂದ ಹಂದಿ ಒಂದೂ ಸೊರಗಿಲ್ಲ."