ಕೆಂಪು ಪಟ್ಟಿಯ ಮೇಲಿದ್ದ ಮುಖ

ನನ್ನ ಹೆಂಡತಿ ಪೊಲೀಸು. ಹಾಗಂದ ತಕ್ಷಣ ಜನ ಲಾಠಿ, ಜೀಪು ಅಂತ ಏನೇನೋ ಊಹಿಸಿಕೊಳ್ತಾರೆ. ಅವಳ ಕೈಯಲ್ಲಿರೋದು ಒಂದು ಮೌಸು, ಅಷ್ಟೇ. ಕಮಿಷನರ್ ಕಚೇರಿಯಲ್ಲಿ, ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿರೋ ಒಂದು ರೂಮಿದೆ. ಅಲ್ಲಿ ಕೂತು, ಊರಿನವರು ಮೊಬೈಲಲ್ಲಿ ಏನು ಗೀಚ್ತಾರೆ, ಯಾರ ಮೇಲೆ ಯಾರು ಹಲ್ಲು ಮಸೀತಾರೆ ಅಂತ ನೋಡೋದು, ಗಲಾಟೆ ಆಗೋ ಹಾಗಿದ್ರೆ ಆ ಕಡೆಯ ಸ್ಟೇಷನ್ನಿಗೆ ತಿಳಿಸೋದು. ನಾನು ಸಲೂನ್ ಇಟ್ಟಿದೀನಿ. ಜನರ ತಲೆ ಹೊರಗಿಂದ ನೋಡೋನು ನಾನು, ಒಳಗಿಂದ ನೋಡೋಳು ನನ್ನವಳು ಅಂತ ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ತಿದ್ದೆ. ಮನೆಯಲ್ಲಿ ಅವಳನ್ನ ಕರೀತಿದ್ದದ್ದು 'ಸಾಹೇಬ್ರು' ಅಂತ.

ದಿನವಿಡೀ ಹೊಲಸು ಬೈಗುಳ ಓದಿ ಮನೆಗೆ ಬರೋ ಹೊತ್ತಿಗೆ ಅವಳ ಮುಖ ಹಿಂಡಿದ ಬಟ್ಟೆ ಹಾಗಾಗಿರೋದು. ಮಗಳು ಏನಾದ್ರೂ ಕೇಳಿದ್ರೆ, "ಸ್ವಲ್ಪ ಸುಮ್ನಿರು ಕಂದ, ಕಿವಿ ತುಂಬಿದೆ" ಅನ್ನೋಳು. "ಓದೋದು ಕಣ್ಣಲ್ಲಿ, ತುಂಬೋದು ಕಿವಿಯಾ ಸಾಹೇಬ್ರೆ?" ಅಂತ ನಾನು ಕಾಡಿದ್ರೆ ಮೊದಮೊದಲು ನಗ್ತಿದ್ದಳು. ಬೇರೆ ಕಡೆ ವರ್ಗ ಕೇಳು ಅಂದ್ರೆ ಮಾತ್ರ ಉರಿದು ಬೀಳೋಳು. ಒಂದು ಸಲ ಎರಡು ಬೀದಿಯವರು ಕಲ್ಲು ಹಿಡಿದು ಸೇರೋಕೆ ಮುಂಚೆಯೇ ಅವಳಿಗೆ ಸುಳಿವು ಸಿಕ್ಕಿ, ಯಾರ ತಲೆಯೂ ಒಡೀಲಿಲ್ಲ. "ನಡೀದೇ ಇರೋ ಗಲಾಟೆಗೆ ಯಾರು ಹಾರ ಹಾಕ್ತಾರೆ ಹೇಳಿ. ಆದ್ರೂ ನನಗೆ ನೆಮ್ಮದಿ ಇದೆ ರೀ" ಅಂದಿದ್ದಳು.

ಆಮೇಲೆ ಮಕ್ಕಳ ಕಳ್ಳರ ಸುದ್ದಿ ಶುರುವಾಯ್ತು. ಯಾವನೋ ತಲೆಕೆಟ್ಟೋನು ಮಹಡಿ ಮೇಲಿಂದ ಒಬ್ಬನ ಫೋಟೋ ತೆಗೆದು, ಇವನ ಚೀಲದ ತುಂಬ ಚಾಕು ಇದೆ, ಮಕ್ಕಳನ್ನ ಹೊತ್ತುಕೊಂಡು ಹೋಗ್ತಾನೆ ಅಂತ ಹರಿಬಿಟ್ಟ. ಚಾಕು ಇಲ್ಲದೆ ಇನ್ನೇನಿರುತ್ತೆ ಸ್ವಾಮಿ! ಅವನು ಬೀದಿ ಬೀದಿ ತಿರುಗಿ ಚಾಕು, ಕತ್ತರಿಗೆ ಸಾಣೆ ಹಿಡಿಯೋನು. ನನ್ನ ಅಂಗಡಿಗೂ ಬರ್ತಿದ್ದ, ಸಾಣೆಯಣ್ಣ ಅಂತಿದ್ದೆ. ಮಾತು ಕಮ್ಮಿ. ಸಾಣೆ ಹಿಡಿದ ಕತ್ತಿಯನ್ನ ತನ್ನ ಮುಂಗೈ ಮೇಲೆಯೇ ಆಡಿಸಿ, ಕೂದಲು ಉದುರಿದ್ರೆ ತಲೆದೂಗಿ ಕೊಡೋನು.

ಸ್ಟೇಷನ್ನಿನವರು ಫೋಟೋ ತೆಗೆದ ಬೀದಿಯಲ್ಲಿ ಕೇಳಿ ಗುರುತು ಹಿಡಿದು, ಅವನ ಮನೆಗೆ ಹೋಗಿ ವಿಚಾರಿಸಿ, ಎಲ್ಲ ಸುಳ್ಳು ಅಂತ ಖಚಿತ ಮಾಡಿಕೊಂಡರು. ಇವಳ ರೂಮಿನ ಕ್ರಮ ಏನಂದ್ರೆ, ಹಾಗೆ ಸುಳ್ಳು ಅಂತ ಗೊತ್ತಾದ ಫೋಟೋವನ್ನೇ ತಗೊಂಡು, ಮೇಲೆ ಪೊಲೀಸ್ ಲಾಂಛನ ಹಾಕಿ, ಕೆಳಗೆ ಕೆಂಪು ಪಟ್ಟಿಯಲ್ಲಿ 'ಇದು ಸುಳ್ಳು ಸುದ್ದಿ, ನಂಬಬೇಡಿ' ಅಂತ ಬರೆದು ಊರಿಗೆಲ್ಲ ಕಳಿಸೋದು. ಅದನ್ನ ತಯಾರು ಮಾಡೋಳು ನನ್ನವಳೇ. ಮೂಲ ಫೋಟೋದಲ್ಲಿ ಮುಖ ಮಸುಕು, ಯಾರು ಬೇಕಾದ್ರೂ ಆಗಬಹುದಿತ್ತು. ಪಾಪ, ಜನಕ್ಕೆ ಗುರುತು ಸಿಗಲಿ, ಎಲ್ಲಾದ್ರೂ ಕಂಡ್ರೆ ತೊಂದರೆ ಕೊಡದೆ ಬಿಟ್ಟುಬಿಡ್ಲಿ ಅಂತ ಇವಳು ಕೂತು ಆ ಮುಖವನ್ನ ದೊಡ್ಡದು ಮಾಡಿದಳು, ತಿಳಿ ಮಾಡಿದಳು. ಚೆನ್ನಾಗಿ ಬಂದಿದೆ ಅಂತ ಮೇಲಧಿಕಾರಿ ಬೆನ್ನು ತಟ್ಟಿದರಂತೆ.

ಮಾರನೇ ದಿನ ನನ್ನ ಕುರ್ಚಿಯಲ್ಲಿ ಕೂತಿದ್ದ ಗಿರಾಕಿ, ಮುಖದ ತುಂಬ ನೊರೆ ಇಟ್ಟುಕೊಂಡೇ ಫೋನ್ ಎತ್ತಿ ತೋರಿಸಿದ. "ನೋಡ್ರೀ, ಪೊಲೀಸರೇ ಫೋಟೋ ಬಿಟ್ಟಿದಾರೆ. ಸಿಕ್ಕಿದ್ರೆ ಬಿಡಬಾರದು ಇವನನ್ನ." ನೋಡಿದ್ರೆ ನಮ್ಮ ಸಾಣೆಯಣ್ಣ! ಲಾಂಛನ ಹಾಗೇ ಇತ್ತು. ಕೆಳಗಿನ ಕೆಂಪು ಪಟ್ಟಿಯನ್ನ ಮಾತ್ರ ಯಾವನೋ ಕತ್ತರಿಸಿ ಹಾಕಿದ್ದ.

"ಅಯ್ಯೋ, ಇವನು ಸಾಣೆ ಹಿಡಿಯೋನು ಕಣಯ್ಯಾ!" ಅಂತ ಕೂಗಿದೆ.

"ನಿಮಗೇನು ಪೊಲೀಸರಿಗಿಂತ ಜಾಸ್ತಿ ಗೊತ್ತಾ?" ಅಂದ ಆ ಮಹಾನುಭಾವ.

ಹೆಂಡತಿಗೆ ಫೋನ್ ಮಾಡಿದೆ. ಆ ರೂಮಿಗೆ ಹೋಗೋರು ಫೋನನ್ನ ಬಾಗಿಲಾಚೆಯ ಗೂಡಿನಲ್ಲಿಟ್ಟು ಹೋಗಬೇಕು. ರಿಂಗಾಗಿ ರಿಂಗಾಗಿ ನಿಂತುಹೋಯ್ತು. ಕಂಟ್ರೋಲ್ ರೂಮಿಗೆ ಮಾಡಿದ್ರೆ, "ಅದು ಸುಳ್ಳು ಸುದ್ದಿ ಸರ್, ಆಗಲೇ ಪ್ರಕಟಣೆ ಕೊಟ್ಟಿದೀವಿ" ಅಂತ ಇಟ್ಟೇಬಿಟ್ಟರು. ಗಿರಾಕಿಯನ್ನ ನೊರೆ ಸಮೇತ ಹೊರಗೆ ನೂಕಿ, ಶಟರ್ ಎಳೆದು ಸ್ಕೂಟರ್ ಹತ್ತಿದೆ. ಅವನು ತಿರುಗೋ ಬೀದಿಗಳು ಗೊತ್ತಿದ್ವು. ಮಾರ್ಕೆಟ್ ಹಿಂದಿನ ಬೀದಿಯಲ್ಲಿ ಜನ ಚದುರ್ತಾ ಇದ್ದರು. ಸಾಣೆ ಚಕ್ರ ಚರಂಡಿಯಲ್ಲಿ ಬಿದ್ದಿತ್ತು. ಅವನು ಗೋಡೆ ಪಕ್ಕ ಬಿದ್ದಿದ್ದ, ಉಸಿರಿರಲಿಲ್ಲ. ಆ ಮುಖ ನೋಡೋಕೆ ನನ್ನಿಂದ ಆಗಲಿಲ್ಲ.

ಅವತ್ತಿಂದ ಸಾಹೇಬ್ರು ಅಂತ ಕರೆಯೋದನ್ನ ಬಿಟ್ಟೆ. ಅವಳು ಅನ್ನ ಮುಟ್ಟಲಿಲ್ಲ. "ಮುಖ ತಿಳಿ ಮಾಡಿಕೊಟ್ಟಿದ್ದು ನಾನು ರೀ" ಅಂತ ಒಂದೇ ಸಮನೆ ಅದನ್ನೇ ಹೇಳೋಳು. "ಹೊಡೆದೋರು ಅವರು ಕಣೇ, ನೀನಲ್ಲ!" ಅಂತ ಗದರಿದೆ. ಕೇಳಬೇಕಲ್ಲ? ಅವನ ಹೆಂಡತಿ ಹತ್ತಿರ ಹೋಗಿ ತಪ್ಪು ಒಪ್ಪಿಕೊಳ್ತೀನಿ, ಬಾಯಿಗೆ ಬಂದ ಹಾಗೆ ಬೈದರೂ ಬೈಸಿಕೊಳ್ತೀನಿ ಅಂತ ಹಟ ಹಿಡಿದಳು. ಕರೆದುಕೊಂಡು ಹೋದೆ.

ಒಂದೇ ಕೋಣೆಯ ಮನೆ. ಆಕೆ ಗೋಡೆಗೊರಗಿ ಕೂತಿದ್ದಳು. ನನ್ನವಳು ಹೊಸಿಲ ಹತ್ತಿರ ನಿಂತೇ ಹೇಳಿಬಿಟ್ಟಳು. "ಅಕ್ಕಾ, ಪೊಲೀಸರು ಕಳಿಸಿದ ಆ ಫೋಟೋ ತಯಾರು ಮಾಡಿದ್ದು ನಾನು."

ಆಕೆ ದಡಕ್ಕನೆ ಎದ್ದು ಬಂದಳು. ಹೊಡೆದೇಬಿಡ್ತಾಳೆ ಅಂತ ನಾನು ಮುಂದೆ ಹೋದೆ. ಆಕೆ ತನ್ನ ಫೋನ್ ತೆಗೆದು ತೋರಿಸಿದಳು. ಅದರಲ್ಲಿ ಕೆಂಪು ಪಟ್ಟಿ ಹಾಗೇ ಇತ್ತು.

"ಇದು ನೀವು ಮಾಡಿದ್ದಾ ತಾಯಿ? ನಿಮ್ಮ ಹೊಟ್ಟೆ ತಣ್ಣಗಿರಲಿ. ಸ್ಟೇಷನ್ನಿನವರು ಬಂದು ಹೋದಾಗಿಂದ ಇವರು ಹೆದರಿ ಹೊಸಿಲು ದಾಟಿರಲಿಲ್ಲ. ಇದು ಬಂದ ಮೇಲೆ ನಾನೇ ಧೈರ್ಯ ಹೇಳಿದೆ. ಪೊಲೀಸರೇ ನಿಮ್ಮ ಕಡೆ ಇದಾರೆ, ಇನ್ಯಾರ ಭಯ, ಎದ್ದು ಕೆಲಸಕ್ಕೆ ಹೋಗಿ ಅಂತ ಕಳಿಸಿದೆ. ಇಷ್ಟು ದೊಡ್ಡ ಊರಲ್ಲಿ ನಮ್ಮವರು ಕಳ್ಳ ಅಲ್ಲ ಅಂದೋರು ನೀವೊಬ್ಬರೇ."

ಹಾಗಂದು ನನ್ನವಳ ಕೈ ಎರಡನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. ಬೈಸಿಕೊಳ್ಳೋಕೆ ಅಂತ ಹೋದವಳು, ಆ ಕೈ ಬಿಡಿಸಿಕೊಳ್ಳೋಕೂ ಆಗದೆ ನಿಂತಿದ್ದಳು.