ಕಪ್ಪು ಕೇಬಲ್ಲಿಗೆ ಹೌದೆಂದ ದಿನ

ಇವತ್ತು ಬನಹಟ್ಟಿಯ ಗ್ಯಾರೇಜಿನ ಮುಂದೆ ಸುಟ್ಟ ವೈರಿನ ವಾಸನೆ ಬಂದು ಅಜ್ಜನ ಹಳೇ ಪಿಕಪ್ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಒಂದು ದಿನ ಅಜ್ಜ ಅದಕ್ಕೆ ಬ್ಯಾಟರಿ ಕೂಡಿಸುತ್ತಿದ್ದರು. ಗ್ರೀಸು ಮೆತ್ತಿ ಎರಡೂ ಕೇಬಲ್ಲಿನ ಬಣ್ಣ ಮಾಸಿತ್ತು, ಅವರ ಕಣ್ಣೂ ಮಂಜಾಗಿತ್ತು.

"ಯವ್ವಾ, ಪ್ಲಸ್ಸಿಗೆ ಹಚ್ಚೂದು ಕೆಂಪಂದು. ಇದ ಹೌದಿಲ್ಲೋ ನೋಡು" ಎಂದರು.

ಅದು ಕಪ್ಪು. ಬೆಳಿಗ್ಗೆ ಗೆಳತಿಯರೆದುರು ನನಗೆ ಬೈದಿದ್ದರೆಂಬ ಸಿಟ್ಟಿಗೆ "ಹೌದಜ್ಜಾ" ಎಂದೆ.

ಕಿಡಿ ಹಾರಿತು, ಹೊಗೆ ಎದ್ದಿತು, ವೈರಿಂಗ್ ಪೂರ್ತಿ ಸುಟ್ಟಿತು. ಅಪ್ಪ ಓಡಿ ಬಂದು, "ಯಾರಿಗರೆ ತೋರಿಸಬಾರದೇನ್ರಿ?" ಎಂದು ಕೇಳಿದರು. ಬಾಗಿಲ ಮರೆಗೆ ಸರಿದಿದ್ದ ನನ್ನತ್ತ ಅಜ್ಜ ಒಮ್ಮೆ ನೋಡಿದರು.

"ಯಾರೂ ಇರಲಿಲ್ಲಪಾ. ಇನ್ನ ಗಾಡಿ ನೀನ ನೋಡ್ಕೊ" ಎಂದು ಕೀಲಿ ಕೊಟ್ಟುಬಿಟ್ಟರು. ಮತ್ತೆಂದೂ ಸ್ಟೇರಿಂಗ್ ಹಿಡಿಯಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಅಜ್ಜ ಈಗಿಲ್ಲ. ಈ ಪೋಸ್ಟನ್ನು ಅಪ್ಪ ಓದುತ್ತಾರೆ. ಓದಲಿ.